ಶುಗರ್ ಇರುವವರ ಕೈಗಾಯಕ್ಕೆ ಮೆಡಿಕಲ್ ಶಾಪಿನ ಸಾಮಾನು: ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ದುಡ್ಡು ದಂಡ

ಶುಗರ್ ಇರುವವರ ಕಾಲಿಗೆಂದು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ಬಿಗಿ ಪಟ್ಟಿಯಿಲ್ಲದ ಸಾಕ್ಸು, ಹಿಮ್ಮಡಿ ಒಡಕಿನ ಕ್ರೀಮು, ದೊಡ್ಡ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಫುಟ್ ಕ್ಲಿನಿಕ್ಕು. ಕೈಗೆ ಅಂಥದ್ದು ಸಿಗುವುದು ಅಪರೂಪ. ಈಳಿಗೆ ಮಣೆಗೆ ಬೆರಳು ತಾಗಿತು, ಉಗುರಿನ ಬದಿ ಬಾತುಕೊಂಡಿತು ಅಂದರೆ ಬೀದಿ ಮೂಲೆಯ ಮೆಡಿಕಲ್ ಶಾಪಿಗೆ ಹೋಗಿ ‘ಗಾಯಕ್ಕೆ ಏನಾದ್ರೂ ಕೊಡಿ’ ಅನ್ನುವುದೇ ರೂಢಿ. ಹಾಗೆ ಕೇಳಿದಾಗ ಕೌಂಟರಿನ ಮೇಲೆ ಬಂದು ಕೂರುವ ಸಾಮಾನುಗಳ ವಿಮರ್ಶೆ ಇದು. ಎಲ್ಲರ ಗಾಯದ ಮಾತಲ್ಲ. ಶುಗರ್ ಇರುವವರ ಕೈಗೆ ಅವು ಎಷ್ಟು ತಕ್ಕವು ಅನ್ನುವುದಷ್ಟೇ ಪ್ರಶ್ನೆ.

ತೂಗಲು ಇಟ್ಟುಕೊಂಡ ಅಳತೆ ಒಂದೇ. ಆ ಸಾಮಾನು ಬಳಸಿದ ಮೇಲೂ ಗಾಯದ ಬಣ್ಣ, ಬಾವು, ಕೀವು ಕಣ್ಣಿಗೆ ಕಾಣಬೇಕು. ಕಾಣದ ಹಾಗೆ ಮಾಡುವಂಥದ್ದು ಎಷ್ಟೇ ಹೆಸರುವಾಸಿಯಾಗಿದ್ದರೂ ಅದಕ್ಕೆ ಅಂಕ ಇಲ್ಲ. ಗಾಯ ಕೆಟ್ಟರೆ ಸಾಮಾನ್ಯವಾಗಿ ನೋವು ಬರುತ್ತೆ, ಜ್ವರ ಬರುತ್ತೆ, ಕೆಂಪಾಗಿ ಬಾಯುತ್ತೆ. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ನರ ಮಂಕಾಗಿ ನೋವು ಕಮ್ಮಿ. ಒಳಗೆ ಕೀವು ತುಂಬಿದ್ದರೂ ಜ್ವರ ಬಾರದೆ ಇರಬಹುದು, ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಏರದೆ ಇರಬಹುದು. ಕೊನೆಗೆ ನಂಬಿಕೊಳ್ಳಲು ಉಳಿಯುವುದು ಕಣ್ಣು ಮತ್ತು ಗ್ಲುಕೋಮೀಟರು. ಅದರಲ್ಲಿ ಒಂದನ್ನು ನಾವೇ ದುಡ್ಡು ಕೊಟ್ಟು ಮುಚ್ಚಿಸಿಕೊಂಡರೆ ಹೇಗೆ?

ಯಾರ ಕೈ ಬೇಗ ಕೆಡುತ್ತೆ

ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುವನ್ನು ನುಂಗುವ ಬಿಳಿ ರಕ್ತಕಣಗಳು ಗಾಯದ ಜಾಗಕ್ಕೆ ತಡವಾಗಿ ತಲುಪುತ್ತವೆ, ತಲುಪಿದ ಮೇಲೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದು ಶುಗರ್ ಇರುವ ಎಲ್ಲರಿಗೂ ಇರುವ ತೊಂದರೆ. ಆದರೆ ಎಲ್ಲರ ಕೈಯೂ ಒಂದೇ ಅಪಾಯದಲ್ಲಿಲ್ಲ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಹತ್ತಿರ ಹತ್ತಿರ 10 ಇರುವವರು, ಬೀಡಿ-ಸಿಗರೇಟು ಸೇದುವವರು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಿಡ್ನಿ ಸೋತು ಡಯಾಲಿಸಿಸ್ ಮೇಲಿರುವವರು ಸಣ್ಣ ಗೀರನ್ನೂ ದೊಡ್ಡದೆಂದೇ ಎಣಿಸಬೇಕು. ಡಯಾಲಿಸಿಸ್‌ಗೆಂದು ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡ ಕೈಯಲ್ಲಿ ಬೆರಳ ತುದಿಗೆ ರಕ್ತ ಕಮ್ಮಿಯಾಗುವುದುಂಟು. ಆ ಕೈಯ ಬೆರಳಿಗೆ ಆದ ಗಾಯ ಇನ್ನೂ ನಿಧಾನ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಎರಡು ಗುರುತುಗಳಿವೆ. ಜೋಮು ಸಾಮಾನ್ಯವಾಗಿ ಕಾಲ್ಬೆರಳಲ್ಲಿ ಶುರುವಾಗಿ ಮೇಲೇರುತ್ತೆ; ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗೂ ಬಂದಿರುತ್ತೆ. ಕಾಲು ಅಷ್ಟು ಜೋಮಾಗಿದ್ದರೆ ಕೈಯ ಸ್ಪರ್ಶವನ್ನು ನಂಬಬೇಡಿ. ಎರಡನೆಯದು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ. ಅಂಗೈ-ಬೆರಳು ಪೂರ್ತಿ ಅಂಟಿಕೊಳ್ಳದೆ ನಡುವೆ ಸಂದು ಉಳಿದರೆ ಕೀಲು, ಚರ್ಮ ಬಿಗಿಯಾಗಿವೆ ಎಂದರ್ಥ. ಇಂಥ ಕೈಗೆ ಸೋಂಕು ತಗುಲಿದರೆ, ವಾಸಿಯಾದ ಮೇಲೆ ಬೆರಳು ಮಡಚುವುದೇ ದೊಡ್ಡ ಪಾಡು.

ಶುಗರ್ ಇರುವವರ ಕೈ ಸೋಂಕಿನಿಂದ ಕೆಡುವುದಕ್ಕೆ ಆಫ್ರಿಕಾದಲ್ಲಿ ಒಂದು ಹೆಸರೇ ಇದೆ, ಟ್ರಾಪಿಕಲ್ ಡಯಾಬಿಟಿಕ್ ಹ್ಯಾಂಡ್ ಸಿಂಡ್ರೋಮ್. 1984ರಲ್ಲಿ ನೈಜೀರಿಯಾದಿಂದ ಮೊದಲ ವರದಿ ಬಂತು. ಆಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಮಿನ ವೈದ್ಯರು ವರ್ಷಗಟ್ಟಲೆ ಇದನ್ನು ದಾಖಲಿಸಿದರು. ಭಾರತದಿಂದಲೂ ಇಂಥ ವರದಿಗಳಿವೆ. ಕೀಟ ಕಚ್ಚಿದ ಗುರುತು ಅಥವಾ ಅಡುಗೆಮನೆಯ ಗೀರು ಬಾತು, ಹುಣ್ಣಾಗಿ, ಅಂಗೈಯೊಳಗೆ ಇಳಿದು, ಬೆರಳು ಕಪ್ಪಾಗುವವರೆಗೂ ಹೋಗುತ್ತೆ. ಆಸ್ಪತ್ರೆಗೆ ತಡವಾಗಿ ಬಂದವರೇ ಹೆಚ್ಚು ಬೆರಳು ಕಳೆದುಕೊಂಡರು. ಆ ತಡದ ದಿನಗಳಲ್ಲಿ ಜನ ಸುಮ್ಮನೆ ಕೂತಿರುವುದಿಲ್ಲ, ಏನಾದರೂ ಹಚ್ಚುತ್ತಲೇ ಇರುತ್ತಾರೆ.

ಮೊದಲ ಸ್ಥಾನ ಸಲೈನಿಗೆ

ಕೌಂಟರಿನ ಮೇಲಿರುವ ಎಲ್ಲದರಲ್ಲೂ ಒಳ್ಳೆಯದು 0.9 ಪರ್ಸೆಂಟಿನ ನಾರ್ಮಲ್ ಸಲೈನ್, 100 ಎಂಎಲ್ ಬಾಟಲಿ. ಅಗ್ಗ, ಉರಿಯುವುದಿಲ್ಲ, ಬಣ್ಣ ಇಲ್ಲ, ಹೊಸ ಚರ್ಮಕ್ಕೆ ಏಟು ಕೊಡುವುದಿಲ್ಲ. ತೆರೆದ ಬಾಟಲಿಯನ್ನು ವಾರಗಟ್ಟಲೆ ಇಟ್ಟು ಬಳಸುವುದು ಮಾತ್ರ ತಪ್ಪು. 500 ಎಂಎಲ್ ಬಾಟಲಿ ಅಗ್ಗವೆಂದು ತಂದು ಅರ್ಧ ಉಳಿಸಿಕೊಳ್ಳುವುದಕ್ಕಿಂತ ಚಿಕ್ಕ ಬಾಟಲಿಗಳೇ ಲೇಸು. ಜೊತೆಗೆ 20 ಎಂಎಲ್‌ನ ಒಂದು ಸಿರಿಂಜು ಕೇಳಿ ತನ್ನಿ, ಸೂಜಿ ಬೇಡ. ಬಾಟಲಿಯಿಂದ ಸುರಿಯುವ ನೀರಿಗೆ ಕೊಳೆ ಕದಲುವುದಿಲ್ಲ, ಸಿರಿಂಜಿನಿಂದ ಚಿಮ್ಮಿಸಿದರೆ ಹೊರಡುತ್ತೆ.

ಸಲೈನ್ ಇಲ್ಲದಿದ್ದರೆ ಕುಡಿಯುವಷ್ಟು ಶುದ್ಧವಾದ ನಲ್ಲಿ ನೀರು ಸಾಕು. ಸಾಮಾನ್ಯ ಗಾಯ ತೊಳೆಯಲು ಅದು ಸಲೈನಿಗಿಂತ ಕಮ್ಮಿಯೇನಲ್ಲ. ಹರಿಯುವ ನೀರಿನ ಕೆಳಗೆ 5ರಿಂದ 10 ನಿಮಿಷ ಹಿಡಿಯಬೇಕು, ಗಡಿಯಾರ ನೋಡಿಕೊಂಡು. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಬಹುದು, ಗಾಯದೊಳಗೆ ಬೇಡ. ಬೋರ್‌ವೆಲ್, ಟ್ಯಾಂಕ್ ನೀರಾದರೆ ಕುದಿಸಿ ಆರಿಸಿ. ಮನೆಯಲ್ಲೇ ಉಪ್ಪು ನೀರು ಮಾಡುವವರು ಒಂದು ಲೀಟರ್ ಕುದಿಸಿದ ನೀರಿಗೆ 9 ಗ್ರಾಂ ಪುಡಿ ಉಪ್ಪು ಹಾಕಬೇಕು, ಅಂದರೆ ಹೆಚ್ಚುಕಮ್ಮಿ ಒಂದೂವರೆ ಸಮ ಟೀ ಚಮಚ. ‘ಜಾಸ್ತಿ ಹಾಕಿದರೆ ಜಾಸ್ತಿ ಕ್ಲೀನ್’ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಎರಡನೇ ಸ್ಥಾನ ಬಾಲ್ ಪಾಯಿಂಟ್ ಪೆನ್ನಿಗೆ. ಅದು ಮೆಡಿಕಲ್ ಶಾಪಿನ ಸಾಮಾನಲ್ಲ ಅನ್ನಬಹುದು, ಆದರೆ ಬಿಲ್ ಬರೆಯಲು ಅಲ್ಲೇ ಇರುತ್ತೆ. ಕೆಂಪು ಎಲ್ಲಿಗೆ ನಿಂತಿದೆಯೋ ಆ ಅಂಚಿನ ಉದ್ದಕ್ಕೂ ಚರ್ಮದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದಿನ-ಗಂಟೆ ಬರೆಯಿರಿ. ಆರು ಗಂಟೆ ಬಿಟ್ಟು ನೋಡಿ. ಕೆಂಪು ಗೆರೆ ದಾಟಿದ್ದರೆ ಮುಂದಿನ ಹೆಜ್ಜೆ ಡಾಕ್ಟರು, ಇನ್ನೊಂದು ಟ್ಯೂಬಲ್ಲ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು. ಅಲ್ಲಿ ಬಾವಿನ ಅಂಚು, ಚರ್ಮ ಹೊಳೆಯುವ ಜಾಗ, ಮುಟ್ಟಿದರೆ ಬಿಸಿ ಇರುವ ಜಾಗ ಹುಡುಕಿ ಗೆರೆ ಎಳೆಯಬೇಕು. ಬಿಸಿ ನೋಡುವುದು ಜೋಮಿಲ್ಲದ ಇನ್ನೊಬ್ಬರ ಕೈಯಿಂದ.

ಹಚ್ಚುವ ದ್ರವಗಳು

ಪೋವಿಡೋನ್ ಅಯೋಡಿನ್, ಜನರ ಬಾಯಲ್ಲಿ ಬೆಟಾಡಿನ್, ಒಳ್ಳೆಯ ಸಾಮಾನು. 10 ಪರ್ಸೆಂಟ್ ದ್ರಾವಣದಲ್ಲಿ ಬಳಕೆಗೆ ಸಿಗುವ ಅಯೋಡಿನ್ 1 ಪರ್ಸೆಂಟ್ ಮಾತ್ರ, 5 ಪರ್ಸೆಂಟಿನದರಲ್ಲಿ ಅದರರ್ಧ. ಎಡವಟ್ಟಾಗುವುದು ಎರಡು ಕಡೆ. ಹಚ್ಚಿದ ತಕ್ಷಣ ಒರೆಸಿಬಿಡುತ್ತಾರೆ. ಅದು ತಾನಾಗಿ ಒಣಗಬೇಕು, ಸುಮಾರು ಎರಡು ನಿಮಿಷ. ಇನ್ನೊಂದು, ಕೊಳೆ-ಕೀವು ತೊಳೆಯದೆ ಮೇಲೇ ಸುರಿಯುತ್ತಾರೆ. ಕೀವು, ರಕ್ತ ಸೇರಿದರೆ ಅಯೋಡಿನ್ ಶಕ್ತಿ ಕುಂದುತ್ತೆ. ತೊಳೆದ ಮೇಲೆ, ಗಾಯದ ಸುತ್ತ, ಮೊದಲ ಒಂದೆರಡು ದಿನ. ಗಾಯ ಕೆಂಪಾಗಿ ಚಿಗುರತೊಡಗಿದ ಮೇಲೆ ದಿನಾ ಸುರಿಯುವುದು ಬೇಡ. ಥೈರಾಯ್ಡ್ ತೊಂದರೆ ಇರುವವರು ದೊಡ್ಡ ಗಾಯಕ್ಕೆ ಬಹಳ ದಿನ ಬಳಸುವ ಮೊದಲು ಕೇಳಬೇಕು. ಕಂದು ಬಣ್ಣ ಅಂಚನ್ನು ಸ್ವಲ್ಪ ಮುಚ್ಚುತ್ತೆ. ಸಲೈನಿನಿಂದ ಒರೆಸಿದರೆ ಹೋಗುತ್ತೆ. ಆದ್ದರಿಂದ ಪಾಸು.

ಡೆಟಾಲ್‌ನಲ್ಲಿರುವುದು 4.8 ಪರ್ಸೆಂಟ್ ಕ್ಲೋರೊಕ್ಸೈಲೆನಾಲ್. ಒಂದು ಪಾಲಿಗೆ ಇಪ್ಪತ್ತು ಪಾಲು ನೀರು ಸೇರಿಸಿ ಬಳಸಬೇಕಾದ್ದು. ನಮ್ಮಲ್ಲಿ ಹತ್ತಿಗೆ ನೇರ ಸುರಿದು ಗಾಯಕ್ಕೆ ಒತ್ತುವುದೇ ಹೆಚ್ಚು. ಉರಿ ತಿಳಿಯುವವರು ಕೈ ಎಳೆದುಕೊಳ್ಳುತ್ತಾರೆ. ಜೋಮು ಬೆರಳಿನವರಿಗೆ ತಿಳಿಯುವುದೇ ಇಲ್ಲ, ಚರ್ಮ ಬೆಂದು ಬಿಳಿಚಿಕೊಂಡ ಮೇಲೆ ಗೊತ್ತಾಗುತ್ತೆ. ಸಲೈನ್ ಸಿಗುವಾಗ ಇದರ ಅಗತ್ಯ ಇಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಎಬ್ಬಿಸುವುದರಿಂದ ‘ಕೆಲಸ ಮಾಡ್ತಿದೆ’ ಅನ್ನಿಸುತ್ತೆ. ನೊರೆ ಬರುವುದು ರಕ್ತ, ಕೀವು, ಜೀವಂತ ಕೋಶ ಎಲ್ಲಕ್ಕೂ. ನಮ್ಮ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ 6 ಪರ್ಸೆಂಟಿನದು, ಲೇಬಲ್ ಮೇಲೆ 20 ವಾಲ್ಯೂಮ್ ಎಂದಿರುತ್ತೆ. ಹೊಸದಾಗಿ ಬೆಳೆಯುವ ಮಾಂಸವನ್ನೂ ಅದು ಸುಡುತ್ತೆ. ಆಳದ, ಬಾಯಿ ಚಿಕ್ಕದಾದ ಗಾಯಕ್ಕೆ ಸಿರಿಂಜಿನಿಂದ ನುಗ್ಗಿಸುವುದಂತೂ ಅಪಾಯ. ಒಳಗೆ ಹುಟ್ಟುವ ಗಾಳಿಗೆ ಹೊರದಾರಿ ಇರುವುದಿಲ್ಲ. ಕೊಳ್ಳಬೇಡಿ. ಸರ್ಜಿಕಲ್ ಸ್ಪಿರಿಟ್ ಚುಚ್ಚುವ ಮೊದಲು ಗಟ್ಟಿ ಚರ್ಮ ಒರೆಸಲಿಕ್ಕೆ, ತೆರೆದ ಗಾಯಕ್ಕಲ್ಲ.

ಟ್ಯೂಬು, ಪೌಡರು, ನಿಂಬೆಹಣ್ಣು

ಮ್ಯುಪಿರೋಸಿನ್ 2 ಪರ್ಸೆಂಟ್ ಆಯಿಂಟ್‌ಮೆಂಟ್, 5 ಗ್ರಾಂ ಟ್ಯೂಬ್. ಚರ್ಮದ ಮೇಲ್ಪದರದಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಚೆನ್ನಾಗಿದೆ. ದಿನಕ್ಕೆ ಮೂರು ಸಲ ತೆಳ್ಳಗೆ, ಹತ್ತು ದಿನಕ್ಕಿಂತ ಹೆಚ್ಚು ಬೇಡ. ಪಾರದರ್ಶಕ, ಹಾಗಾಗಿ ನಮ್ಮ ಅಳತೆಯಲ್ಲೂ ಪಾಸಾಗುತ್ತೆ. ಇದಕ್ಕೆ ಒಗ್ಗದ್ದು ಆಳ: ಉಗುರಿನ ಬದಿಯಲ್ಲಿ ಹಳದಿ ಕೀವು ಕಾಣುತ್ತಿದ್ದರೆ ಎಷ್ಟು ಹಚ್ಚಿದರೂ ಕೀವಿನ ಚೀಲದೊಳಗೆ ಅದು ಇಳಿಯುವುದಿಲ್ಲ. ಇದರ ಆಯಿಂಟ್‌ಮೆಂಟಿನ ಬುನಾದಿ ಪಾಲಿಎಥಿಲೀನ್ ಗ್ಲೈಕಾಲ್. ಕಿಡ್ನಿ ಕೆಟ್ಟವರು ದೊಡ್ಡ ತೆರೆದ ಗಾಯಕ್ಕೆ ಬಳಿಯಬಾರದು.

ಬರ್ನಾಲ್‌ನಂಥ ಹಳದಿ ಕ್ರೀಮುಗಳ ಬಗ್ಗೆ ನಮ್ಮ ತಕರಾರು ಔಷಧದ್ದಲ್ಲ, ಬಣ್ಣದ್ದು. ಹಚ್ಚಿದ ಮೇಲೆ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ನೋಡುವ ಹಾಗಿಲ್ಲ. ಸಿಲ್ವರ್ ಸಲ್ಫಾಡಯಾಜಿನ್ ಸುಟ್ಟಗಾಯದ್ದು. ಬೇರೆ ಗಾಯಕ್ಕೆ ಹಚ್ಚಿದರೆ ಬೂದು-ಬಿಳಿ ಪೊರೆ ಕಟ್ಟುತ್ತೆ, ನೋಡಿದವರು ಅದನ್ನೇ ಕೀವೆಂದು ತಿಳಿಯುತ್ತಾರೆ. ನಿಜವಾಗಿ ಹೆದರಬೇಕಾದ್ದು ‘ಎಲ್ಲದಕ್ಕೂ ಆಗುತ್ತೆ’ ಎಂದು ಕೊಡುವ ಮಿಶ್ರಣದ ಕ್ರೀಮಿಗೆ. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಬೆಕ್ಲೊಮೆಥಾಸೋನ್ ಎಂಬ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್. ಎರಡು ದಿನದಲ್ಲಿ ಕೆಂಪು ಇಳಿಯುತ್ತೆ, ತುರಿಕೆ ನಿಲ್ಲುತ್ತೆ, ಒಳಗೆ ಸೋಂಕು ಆರಾಮವಾಗಿ ಹರಡುತ್ತೆ. ಸೋಂಕಿನ ಕೈಗೆ ಇದಕ್ಕಿಂತ ಕೆಟ್ಟ ಸಾಮಾನು ಕೌಂಟರಿನಲ್ಲಿಲ್ಲ.

ಆಂಟಿಬಯೋಟಿಕ್ ಪೌಡರ್ ಹಳ್ಳಿ ಕಡೆ ಈಗಲೂ ಭರ್ಜರಿ ವ್ಯಾಪಾರ. ಗಾಯದಿಂದ ಒಸರುವ ನೀರಿನ ಜೊತೆ ಅದು ಗಟ್ಟಿ ಹಕ್ಕಳೆಯಾಗುತ್ತೆ. ಮೇಲೆ ನೋಡಿದರೆ ಒಣಗಿದೆ. ಬದಿಯಿಂದ ಒತ್ತಿದರೆ ಕೆಳಗಿನಿಂದ ಕೀವು ಬರುತ್ತೆ. ಅರಿಶಿನ, ಕಾಫಿಪುಡಿ, ಸುಣ್ಣ-ಅರಿಶಿನದ ಪಟ್ಟು ಮಾಡುವುದೂ ಇದನ್ನೇ. ಅರಿಶಿನಕ್ಕೆ ಗುಣ ಇದೆಯೋ ಇಲ್ಲವೋ ಎಂಬ ಜಗಳ ಇಲ್ಲಿ ಬೇಡ. ಅಡುಗೆಮನೆ ಡಬ್ಬಿಯ ಪುಡಿ ಸ್ಟೆರೈಲ್ (ರೋಗಾಣುಮುಕ್ತ) ಅಲ್ಲ, ಮತ್ತು ಅದು ಗಾಯ ಮುಚ್ಚುತ್ತೆ.

ಉಗುರುಸುತ್ತಿಗೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳು ತೂರಿಸಿಕೊಂಡು ರಾತ್ರಿಯಿಡೀ ಮಲಗುವ ಪದ್ಧತಿ ಇದೆಯಲ್ಲ, ಶುಗರ್ ಇರುವವರು ಅದನ್ನು ಬಿಟ್ಟೇಬಿಡಬೇಕು. ಹುಳಿಯಲ್ಲಿ ಎಂಟು ಗಂಟೆ ನೆನೆದ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತೆ. ಬಾವು ಏರಿದರೆ ಹಣ್ಣೇ ಬೆರಳಿನ ಬುಡವನ್ನು ಬಿಗಿಯುತ್ತೆ. ಅದರ ಬದಲು ಉಗುರುಬೆಚ್ಚಗಿನ ನೀರಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ ಅದ್ದಿ, ಪೂರ್ತಿ ಒರೆಸಿ. ಬಿಸಿ ನೋಡುವುದು ಇನ್ನೊಬ್ಬರು, ಮೊಣಕೈ ಅದ್ದಿ. ಇದೂ ಕೀವು ಕಟ್ಟುವ ಮುಂಚಿನ ಉಪಾಯವೇ. ಕೀವು ಕಟ್ಟಿದ ಮೇಲೆ ಕೊಯ್ದು ಬಿಡಿಸಬೇಕು, ಮನೆಯ ಸೂಜಿಯಿಂದಲ್ಲ. ಬೆರಳ ತುದಿಯಲ್ಲಿ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಎದ್ದಿದ್ದರೆ ಅದು ಹರ್ಪಿಸ್ ವೈರಸ್ ಇರಬಹುದು, ಅದನ್ನು ಕೊಯ್ಯಲೇಬಾರದು. ಹಾಗಾಗಿಯೇ ಯಾವುದನ್ನು ಕೊಯ್ಯಬೇಕು ಎಂದು ತಿಳಿದವರೇ ನೋಡಬೇಕು.

ಕಟ್ಟುವುದು, ಬಿಚ್ಚುವುದು

ಏನನ್ನಾದರೂ ಕಟ್ಟುವ ಮೊದಲು ಉಂಗುರ ತೆಗೆಯಬೇಕು. ಬಳೆಯನ್ನೂ. ಬಾತ ಮೇಲೆ ತೆಗೆಯುತ್ತೇನೆಂದರೆ ಬರುವುದಿಲ್ಲ. ಕೈ ಮೇಲೆತ್ತಿ ಹಿಡಿದು ಸೋಪುನೀರು ಹಚ್ಚಿ ತಿರುಗಿಸುತ್ತಾ ಎಳೆಯಬೇಕು, ಬಾರದಿದ್ದರೆ ಕತ್ತರಿಸಲೇಬೇಕು. ಮದುವೆ ಉಂಗುರ ಕತ್ತರಿಸಲು ಮನಸ್ಸು ಬಾರದೆ ಬೆರಳನ್ನೇ ಬಲಿ ಕೊಡುವುದು ಬೇಡ. ಕತ್ತರಿಸಿದ ಚಿನ್ನವನ್ನು ಅಕ್ಕಸಾಲಿಗ ಬೆಸೆಯುತ್ತಾನೆ.

ಬ್ಯಾಂಡ್-ಏಡ್ ಮಾದರಿಯ ಪಟ್ಟಿ ಚೊಕ್ಕ ಗೀರಿಗೆ ಒಂದು ದಿನದ ಮಟ್ಟಿಗೆ ಸರಿ. ನೆನೆದ ಪಟ್ಟಿಯನ್ನು ಹಾಗೇ ಬಿಟ್ಟರೆ ಒಳಗಿನ ಚರ್ಮ ಬೆಳ್ಳಗೆ ಕೊಳೆಯುತ್ತೆ. ಪಾತ್ರೆ ತೊಳೆಯುವವರ ಬೆರಳಲ್ಲಿ ಇದು ದಿನನಿತ್ಯದ ದೃಶ್ಯ. ಬೆರಳ ಸುತ್ತ ಬಿಗಿಯಾಗಿ ಸುತ್ತಬೇಡಿ, ಓರೆಯಾಗಿ ಅಂಟಿಸಿ. ಬಾವು ಏರಿದಾಗ ಸುತ್ತಿದ ಟೇಪು ದಾರದ ಹಾಗೆ ಬಿಗಿದು ರಕ್ತ ತಡೆಯುತ್ತೆ.

ಹತ್ತಿ ಬೇಡ. ಎಳೆ ಗಾಯಕ್ಕೆ ಅಂಟಿ ಒಳಗೇ ಉಳಿಯುತ್ತೆ. ಮೀಟರ್ ಲೆಕ್ಕದಲ್ಲಿ ಮಾರುವ ಗಾಜ್ ಬಟ್ಟೆಯೂ ಬೇಡ, ಅದು ಸ್ಟೆರೈಲ್ ಅಲ್ಲ. ಒಂದೊಂದೇ ಪೊಟ್ಟಣದಲ್ಲಿ ಬರುವ 7.5 ಸೆಂಟಿಮೀಟರ್ ಚೌಕದ ಸ್ಟೆರೈಲ್ ಗಾಜ್ ಕೇಳಿ. ಪೊಟ್ಟಣದ ಅಂಚು ಹರಿದಿಲ್ಲವೇ, ದಿನಾಂಕ ಮೀರಿಲ್ಲವೇ ನೋಡಿ. ಹಸಿ ಗಾಯಕ್ಕೆ ಅಂಟದಿರಲು ಕೆಳಗೆ ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆಯ ಒಂದು ಪದರ. ಮೇಲೆ 5 ಸೆಂಟಿಮೀಟರ್ ಅಗಲದ ಸಾದಾ ರೋಲರ್ ಬ್ಯಾಂಡೇಜು, ಪೇಪರ್ ಟೇಪು. ಕ್ರೇಪ್ ಬ್ಯಾಂಡೇಜು ಎಳೆದು ಕಟ್ಟುವವರ ಕೈಗೆ ಸಿಕ್ಕರೆ ಕೆಡುಕೇ. ಪಕ್ಕಪಕ್ಕದ ಬೆರಳುಗಳನ್ನು ಒಟ್ಟಿಗೆ ಕಟ್ಟುವುದಾದರೆ ನಡುವೆ ಗಾಜ್ ಬಟ್ಟೆಯ ಪಟ್ಟಿ ಇಡಿ, ಇಲ್ಲದಿದ್ದರೆ ಸಂದಿಯಲ್ಲಿ ಬೆವರಿ ಚರ್ಮ ಕೊಳೆಯುತ್ತೆ. ಬೆರಳ ತುದಿ ಹೊರಗೆ ಕಾಣಲೇಬೇಕು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮರಳದಿದ್ದರೆ ಕಟ್ಟು ಬಿಗಿಯಾಗಿದೆ, ಬಿಚ್ಚಿ ಮತ್ತೆ ಕಟ್ಟಿ. ದಿನಕ್ಕೆ ಒಮ್ಮೆಯಾದರೂ ಬಿಚ್ಚಿ ನೋಡದ ಡ್ರೆಸ್ಸಿಂಗ್ ಶುಗರ್ ಇರುವವರಿಗೆ ಹೇಳಿದ್ದಲ್ಲ.

ಕುತ್ತಿಗೆಗೆ ನೇತುಹಾಕುವ ಆರ್ಮ್ ಪೌಚನ್ನೂ ಇದರ ಜೊತೆಗೇ ಕೊಡುತ್ತಾರೆ. ಪಟ್ಟಿ ಸಡಿಲವಿದ್ದರೆ ಕೈ ಹೊಟ್ಟೆಯ ಮಟ್ಟಕ್ಕೆ ಜೋತುಬಿದ್ದು ಬಾವು ಹೆಚ್ಚುತ್ತೆ. ಬಾವು ಇಳಿಯಬೇಕಾದರೆ ಕೈ ಎದೆಗಿಂತ ಮೇಲಿರಬೇಕು: ಕೂತಾಗ, ಮಲಗಿದಾಗ ಎರಡು ದಿಂಬಿನ ಮೇಲೆ. ಪೌಚ್ ನಡೆದಾಡುವ ಹೊತ್ತಿಗೆ ಮಾತ್ರ, ಅದೂ ಬೆರಳು ಮೊಣಕೈಗಿಂತ ಮೇಲಿರುವಂತೆ ಪಟ್ಟಿ ಎಳೆದು.

ಮಾತ್ರೆ

ಚೀಟಿಯಿಲ್ಲದೆ ‘ಮೂರು ದಿನದ್ದು’ ಆಂಟಿಬಯೋಟಿಕ್ ಕೊಡುವುದು ಮೆಡಿಕಲ್ ಶಾಪಿನ ಅತಿ ಕೆಟ್ಟ ಸೇವೆ. ಅವು ಶೆಡ್ಯೂಲ್ ಎಚ್, ಎಚ್1 ಔಷಧಗಳು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ಕೂಡುವುದಿಲ್ಲ. ಸಾಮಾನ್ಯರ ಕೈ ಸೋಂಕಿಗೆ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಒಂದೇ ಕಾರಣ. ಶುಗರ್ ಇರುವವರಲ್ಲಿ ಅದರ ಜೊತೆ ಕ್ಲೆಬ್ಸಿಯೆಲ್ಲಾ, ಇ. ಕೋಲಿ, ಸ್ಯೂಡೊಮೊನಾಸ್‌ನಂಥವು ಸೇರಿಕೊಳ್ಳುವುದು ಹೆಚ್ಚು, ಎರಡು-ಮೂರು ಬಗೆ ಒಟ್ಟಿಗೆ ಇರುವುದೂ ಉಂಟು. ಅರ್ಧ ಕೋರ್ಸ್ ನುಂಗಿ ಆಮೇಲೆ ಆಸ್ಪತ್ರೆಗೆ ಹೋದರೆ ಕೀವಿನ ಕಲ್ಚರಿನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದೆ, ಯಾವ ಔಷಧ ಕೊಡಬೇಕೆಂದು ತಿಳಿಯದೆ ಡಾಕ್ಟರೂ ಪರದಾಡಬೇಕಾಗುತ್ತೆ.

ಗಾಯ ಹೇಗಾಯಿತು ಎಂಬುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ, ಅವರು ಕೇಳದಿದ್ದರೂ. ಮಂಗಳೂರು-ಉಡುಪಿ ಕಡೆ ಮೀನು, ಸಿಗಡಿ ಶುಚಿ ಮಾಡುವಾಗ ಮುಳ್ಳು ಚುಚ್ಚಿದ್ದರೆ ವಿಬ್ರಿಯೊ ವಲ್ನಿಫಿಕಸ್ ಇರಬಹುದು. ಬೆಚ್ಚಗಿನ ಉಪ್ಪುನೀರಿನ ಈ ಬ್ಯಾಕ್ಟೀರಿಯಾ ಶುಗರ್, ಲಿವರ್ ಕಾಯಿಲೆ ಇರುವವರಲ್ಲಿ ಗಂಟೆಗಳ ಲೆಕ್ಕದಲ್ಲಿ ಹರಡುತ್ತೆ, ಇದಕ್ಕೆ ಕೊಡುವ ಔಷಧವೇ ಬೇರೆ. ಬೆಕ್ಕಿನ ಕಡಿತ ಚಿಕ್ಕ ಚುಕ್ಕೆಯಂತಿದ್ದರೂ ಆಳಕ್ಕಿಳಿದಿರುತ್ತೆ. ಜಗಳದಲ್ಲಿ ಇನ್ನೊಬ್ಬರ ಹಲ್ಲು ತಗುಲಿ ಬೆರಳ ಗೆಣ್ಣಿನ ಮೇಲಾದ ಗಾಯವನ್ನು ನಾಚಿಕೆಗೆ ‘ಬಾಗಿಲು ತಾಗಿತು’ ಅನ್ನುವವರಿದ್ದಾರೆ. ಕೀಲಿನೊಳಕ್ಕೆ ಬಾಯಿಯ ಬ್ಯಾಕ್ಟೀರಿಯಾ ಹೋಗಿರುತ್ತೆ, ಸುಳ್ಳು ಹೇಳಿದರೆ ಕೀಲೇ ಹೋಗುತ್ತೆ.

ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೊಫೆನಾಕ್ ಕಿಡ್ನಿಗೆ ಹೊರೆ. ಶುಗರ್ ಹಳೆಯದಾಗಿದ್ದರೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ ಪರೀಕ್ಷೆಯ ಅಂಕಿ ತಿಳಿಯದೆ ನುಂಗಬೇಡಿ. ಪ್ಯಾರಾಸಿಟಮಾಲ್ ಸಾಕು. ನೋವಿನ ಮಾತ್ರೆ ಹಾಕಿಕೊಂಡು ‘ಕಮ್ಮಿಯಾಗಿದೆ’ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಸೋಂಕಿನಿಂದ ಊಟ ಸೇರದಂತಾದರೆ ಅದನ್ನು ನಿಲ್ಲಿಸಬೇಕೇ ಎಂದು ಕೂಡಲೇ ಕೇಳಬೇಕು. ಮೀಟರಿನಲ್ಲಿ 200ರ ಆಸುಪಾಸು ತೋರಿಸುತ್ತಿರುವಾಗಲೇ ರಕ್ತ ಹುಳಿಯೇರುವ ಕೀಟೋಅಸಿಡೋಸಿಸ್ ಇವರಿಗೆ ಬರಬಹುದು. ಧನುರ್ವಾಯು ಇಂಜೆಕ್ಷನ್ ಪ್ರತಿ ಗೀರಿಗೂ ಬೇಡ: ಕೊನೆಯ ಡೋಸ್ ಆಗಿ ಚೊಕ್ಕ ಗಾಯಕ್ಕೆ 10 ವರ್ಷ, ಮಣ್ಣು-ತುಕ್ಕಿನ ಗಾಯಕ್ಕೆ 5 ವರ್ಷ ದಾಟಿದ್ದರೆ ಮಾತ್ರ. ಎಂದೂ ಹಾಕಿಸಿಕೊಂಡಿಲ್ಲ, ನೆನಪಿಲ್ಲ ಅಂದರೆ ಹಾಕಿಸಿಕೊಳ್ಳಬೇಕು.

ಗ್ಲುಕೋಮೀಟರು ಮತ್ತು ಅದರ ಸೂಜಿ

ಗಾಯ ಕೆಟ್ಟಿದೆಯೋ ಎಂದು ಮೊದಲು ಹೇಳುವ ಯಂತ್ರ ಇದೇ ಆಗಬಹುದು. ಊಟ, ಮಾತ್ರೆ ಎಲ್ಲ ಎಂದಿನಂತಿದ್ದು ಶುಗರ್ ಮಾತ್ರ ಏರುತ್ತಿದ್ದರೆ ಎಲ್ಲೋ ಸೋಂಕು ಕುದಿಯುತ್ತಿರಬಹುದು. ಅಂಥ ದಿನಗಳಲ್ಲಿ ದಿನಕ್ಕೆ ನಾಲ್ಕು ಸಲ ನೋಡಿ. ಕೊಳ್ಳುವಾಗ ಐಎಸ್‌ಒ 15197 ಮಾನದಂಡದ 2013ರ ಆವೃತ್ತಿ ಪಾಲಿಸುವ ಮೀಟರ್ ಆರಿಸಿ. ಅದರ ಪ್ರಕಾರ 100 ಮತ್ತು ಅದರ ಮೇಲಿನ ಓದುಗಳಲ್ಲಿ 95 ಪರ್ಸೆಂಟಿನಷ್ಟು, ಲ್ಯಾಬಿನ ಅಂಕಿಗಿಂತ 15 ಪರ್ಸೆಂಟಿನೊಳಗೆ ಇರಬೇಕು. 180 ಇದ್ದದ್ದು 195 ತೋರಿದರೆ ಗಾಬರಿ ಬೇಡ. ಮೂರು ದಿನ ಸಾಲಾಗಿ ಏರಿದರೆ ಬೇಕು.

ಸೂಜಿಯ ವಿಷಯದಲ್ಲಿ ನಮ್ಮ ಜನ ಜಿಪುಣರು. ಒಂದೇ ಲ್ಯಾನ್ಸೆಟ್ಟನ್ನು ಮೊಂಡಾಗುವವರೆಗೂ ಓಡಿಸುತ್ತಾರೆ. ಮೊಂಡ ತುದಿ ಚುಚ್ಚುವುದಿಲ್ಲ, ಹರಿಯುತ್ತೆ. ಒಂದು ಸಲಕ್ಕೆ ಒಂದು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತೆಳು, 30 ಅಥವಾ 33 ಸಾಕು. ಚುಚ್ಚಬೇಕಾದ್ದು ಬೆರಳ ತುದಿಯ ಬದಿಗೆ, ನಡುವಿನ ಮೆತ್ತೆಗಲ್ಲ. ಆ ಮೆತ್ತೆಯೊಳಗೆ ಸಣ್ಣ ಸಣ್ಣ ಗೂಡುಗಳಿವೆ, ಅಲ್ಲಿ ಕೀವು ಕಟ್ಟಿದರೆ ಹರಡಲು ಜಾಗವಿಲ್ಲದೆ ಒತ್ತಡ ಏರಿ ಮೂಳೆಯ ತುದಿಗೇ ಕುತ್ತು. ಚುಚ್ಚುವ ಮೊದಲು ಸೋಪಿನಿಂದ ತೊಳೆದು ಒಣಗಿಸಿ. ಬೆಲ್ಲ, ಮಾವಿನಹಣ್ಣು ಮುಟ್ಟಿದ ಬೆರಳು ಸುಳ್ಳು ಲೆಕ್ಕ ತೋರಿಸುತ್ತೆ. ಬಾತ ಕೈಯ ಬೆರಳಿಗೆ ಚುಚ್ಚಬೇಡಿ. ಚುಚ್ಚುವ ಪೆನ್ನನ್ನು ಗಂಡ-ಹೆಂಡತಿಯೂ ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ಹರಡಲು ಅಷ್ಟು ರಕ್ತ ಸಾಕು.

ಗ್ಲೌಸ್

ಪಾತ್ರೆ ತೊಳೆಯಲು ಉದ್ದ ತೋಳಿನ ರಬ್ಬರ್ ಗ್ಲೌಸು, ಒಳಗೆ ತೆಳು ಹತ್ತಿ ಗ್ಲೌಸು. ಒಳಗಿನದು ಬೆವರಿಗೆ ಒದ್ದೆಯಾದರೆ ಬದಲಿಸಿ. ಸದಾ ನೀರಿನ ಕೆಲಸದವರ ಉಗುರುಬುಡ ಬಾತು ಕ್ಯಾಂಡಿಡಾ ಶಿಲೀಂಧ್ರ ಸೇರಿಕೊಳ್ಳುವುದನ್ನು ಇದರಷ್ಟು ತಡೆಯುವುದು ಬೇರೆ ಇಲ್ಲ. ಜೋಮು ಕೈಯವರು ಬಿಸಿ ಮುದ್ದೆ ಕಟ್ಟುವುದನ್ನು, ಪಾತ್ರೆ ಇಳಿಸುವುದನ್ನು ಬರಿಗೈಯಲ್ಲಿ ಮಾಡಬಾರದು.

ಅಡಿಕೆ ಸುಲಿಯಲು, ಕಾಯಿ ಸುಲಿಯಲು ಆನ್‌ಲೈನಿನಲ್ಲಿ ‘ಕಟ್ ಪ್ರೂಫ್’ ಗ್ಲೌಸ್ ಸಿಗುತ್ತವೆ. ಯುರೋಪಿನ ಗ್ಲೌಸ್ ಮಾನದಂಡವಾದ ಇಎನ್ 388ರ ಗುರುತಿನ ಕೆಳಗೆ 4ಎಕ್ಸ್43ಸಿ ಎಂಬಂಥ ಸಂಕೇತ ಇರುತ್ತೆ. ಮೊದಲನೆಯದು ಸವೆತ, ಎರಡನೆಯದು ಕೊಯ್ತ (ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ), ಮೂರನೆಯದು ಹರಿಯುವಿಕೆ, ನಾಲ್ಕನೆಯದು ಚುಚ್ಚುವಿಕೆ. ಕೊನೆಯ ಅಕ್ಷರ ಕೊಯ್ತದ ಇನ್ನೊಂದು ಪರೀಕ್ಷೆಯದು, ಎ ಇಂದ ಎಫ್‌ವರೆಗೆ. ಕತ್ತಿಯ ಕೆಲಸಕ್ಕೆ ಕೊನೆಯ ಅಕ್ಷರ ನೋಡಿ, ಮುಳ್ಳಿನ ಕೆಲಸಕ್ಕೆ ನಾಲ್ಕನೇ ಅಂಕಿ. ಅದೂ ದಪ್ಪ ಮೊನೆಯಿಂದ ಮಾಡಿದ ಪರೀಕ್ಷೆ. ಹೆಣೆದ ಗ್ಲೌಸಿನ ಸಂದಿಯಲ್ಲಿ ನಿಂಬೆಗಿಡದ ಮುಳ್ಳು, ಮೀನಿನ ಮುಳ್ಳು ಸಲೀಸಾಗಿ ನುಗ್ಗುತ್ತವೆ. ಮುಳ್ಳಿಗೆ ದಪ್ಪ ಚರ್ಮದ ಗ್ಲೌಸೇ ಸರಿ.

ಅಂಗಡಿಯಿಂದ ಆಗದ ಕೆಲಸ

ಇಲ್ಲಿಗೆ ಮೆಡಿಕಲ್ ಶಾಪಿನ ಸರಹದ್ದು ಮುಗಿಯುತ್ತೆ. ಬೆರಳು ಪೂರ್ತಿ ಕಡುಬಿನಂತೆ ಬಾತಿದೆ, ತಾನಾಗಿ ಅರ್ಧ ಮಡಚಿಕೊಂಡಿದೆ, ಅಂಗೈ ಕಡೆಯಿಂದ ಒತ್ತಿದರೆ ಬೆರಳಿನುದ್ದಕ್ಕೂ ನೋವು, ಬೇರೆಯವರು ನೆಟ್ಟಗೆ ಮಾಡಹೋದರೆ ತಡೆಯಲಾಗದ ನೋವು: ಈ ನಾಲ್ಕು, ಶಿಕಾಗೋದ ಸರ್ಜನ್ ಆಲನ್ ಕನವೆಲ್ ಹೆಸರಿನ ಗುರುತುಗಳು. ಸ್ನಾಯುರಜ್ಜುವಿನ ಕೊಳವೆಯೊಳಗೆ ಕೀವು ಸೇರಿದೆ ಎಂದರ್ಥ. ಜೋಮು ಕೈಯಲ್ಲಿ ಕೊನೆಯ ಎರಡು ಕಾಣದೇ ಇರಬಹುದು, ಮೊದಲ ಎರಡೇ ಸಾಕು, ಅದೇ ದಿನ ಹೋಗಬೇಕು. ಕಿರುಬೆರಳು ಮತ್ತು ಹೆಬ್ಬೆರಳಿನ ಕೊಳವೆಗಳು ಹೆಚ್ಚಿನವರಲ್ಲಿ ಮಣಿಕಟ್ಟಿನವರೆಗೆ ಹೋಗುತ್ತವೆ. ಅಲ್ಲಿ ಕೂಡಿಕೊಂಡರೆ ಕಿರುಬೆರಳಿನ ಕೀವು ಹೆಬ್ಬೆರಳಲ್ಲಿ ಏಳುತ್ತೆ. ಅಂಗೈಯೊಳಗೆ ಕೀವಿದ್ದಾಗ ಬಾವು ಹೆಚ್ಚು ಕಾಣುವುದು ಅಂಗೈಯ ಹಿಂಭಾಗದಲ್ಲಿ, ಅಲ್ಲಿ ಚರ್ಮ ಸಡಿಲ. ಹಿಂಭಾಗಕ್ಕೆ ಮುಲಾಮು ಉಜ್ಜುತ್ತಾ ಕೂರುವವರಿಗೆ ಇದು ತಿಳಿದಿರುವುದಿಲ್ಲ. ಚರ್ಮ ನೀಲಿಗಟ್ಟಿದೆ, ಗುಳ್ಳೆ ಎದ್ದಿದೆ, ಒತ್ತಿದರೆ ಚರಚರ ಅನ್ನುತ್ತೆ ಎಂದಾದರೆ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ.

ಆಸ್ಪತ್ರೆ ಆರಿಸುವಾಗ ಕೇಳಬೇಕಾದ್ದು ಮೂರೇ: ಕೈ ಸರ್ಜನ್ ಅಥವಾ ಪ್ಲಾಸ್ಟಿಕ್ ಸರ್ಜನ್ ಇದ್ದಾರೆಯೇ, ರಾತ್ರಿ ಆಪರೇಷನ್ ಆಗುತ್ತೆಯೇ, ಶುಗರ್ ನೋಡಿಕೊಳ್ಳಲು ಫಿಸಿಶಿಯನ್ ಇದ್ದಾರೆಯೇ. ಒಂದೇ ಆಪರೇಷನ್ನಿಗೆ ಮುಗಿಯದಿರಬಹುದು. ಸತ್ತ ಮಾಂಸ ತೆಗೆದು ಗಾಯ ತೆರೆದೇ ಬಿಟ್ಟು, 24ರಿಂದ 48 ಗಂಟೆಯಲ್ಲಿ ಮತ್ತೆ ತೆರೆದು ನೋಡುವುದು ಸರಿಯಾದ ಕ್ರಮವೇ ಹೊರತು ಬಿಲ್ ಏರಿಸುವ ಹುನ್ನಾರವಲ್ಲ. ಶುಗರನ್ನು ಆ ದಿನಗಳಲ್ಲಿ ಇನ್ಸುಲಿನ್ನಿನಿಂದ 140ರಿಂದ 180ರ ನಡುವೆ ಹಿಡಿಯುತ್ತಾರೆ. ಬೇಗ ಹೋದವರು ಕೈ ಉಳಿಸಿಕೊಳ್ಳುತ್ತಾರೆ. ತಡವಾದವರಲ್ಲಿ, ಅದರಲ್ಲೂ ಕಿಡ್ನಿ ಸೋತವರಲ್ಲಿ, ಬೆರಳು ಹೋಗುವುದುಂಟು, ಜೀವಕ್ಕೆ ಕುತ್ತು ಬರುವುದೂ ಉಂಟು.

ಬೆರಳು ಉಳಿದರೂ ಮಡಚದೆ ಹೋಗುವುದು ಇನ್ನೂ ಸಾಮಾನ್ಯ. ಅದನ್ನು ತಡೆಯಲು ಹಾಕುವ ಸ್ಪ್ಲಿಂಟಿನಲ್ಲಿ (ಕೈ ಅಲುಗದಂತೆ ಹಿಡಿಯುವ ಆಸರೆ) ಮಣಿಕಟ್ಟು 20-30 ಡಿಗ್ರಿ ಹಿಂದಕ್ಕೆ, ಬೆರಳಬುಡದ ಕೀಲು 70-90 ಡಿಗ್ರಿ ಬಾಗಿ, ಉಳಿದ ಕೀಲುಗಳು ನೆಟ್ಟಗೆ ಇರಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಚಪ್ಪಟೆ ಸ್ಪ್ಲಿಂಟ್ ಬೆರಳಬುಡವನ್ನೂ ನೆಟ್ಟಗೆ ಹಿಡಿಯುತ್ತೆ, ಅದು ಹಾಗೇ ಬಿಗಿಯುತ್ತೆ. ಅಳತೆ ಕೊಟ್ಟು ಮಾಡಿಸಿದ್ದೇ ಬೇಕು. ಡಿಸ್ಚಾರ್ಜ್ ಆದ ಮೇಲೆ ಮನೆಯವರು ಪ್ರೀತಿಯಿಂದ ತಂದುಕೊಡುವ ಹಳದಿ ಸ್ಪಂಜಿನ ಚೆಂಡು ಇದೆಯಲ್ಲ, ಅದು ಈ ಪಟ್ಟಿಯ ಕೊನೆಯ ದುಡ್ಡು ದಂಡ. ಚೆಂಡು ಅಡ್ಡ ಇರುವುದರಿಂದ ಬೆರಳು ಅರ್ಧಕ್ಕೇ ನಿಲ್ಲುತ್ತೆ, ಬೇಕಾದ್ದು ಪೂರ್ತಿ ಮಡಿಕೆ. ಸರ್ಜನ್ ಒಪ್ಪಿದ ದಿನದಿಂದ ಬರಿಗೈಯಲ್ಲೇ ಮಾಡಿ: ಬೆರಳು ನೆಟ್ಟಗೆ, ಆಮೇಲೆ ಕೊಕ್ಕೆಯಂತೆ ತುದಿ-ನಡು ಕೀಲು ಮಾತ್ರ ಮಡಚಿ, ಮತ್ತೆ ನೆಟ್ಟಗೆ, ಪೂರ್ತಿ ಮುಷ್ಟಿ, ಮತ್ತೆ ನೆಟ್ಟಗೆ, ಕೊನೆಗೆ ಬುಡದ ಕೀಲು ಮಾತ್ರ ಬಾಗಿಸಿ. ಒಂದೊಂದು ಹತ್ತು ಸಲ, ಎಚ್ಚರವಿರುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ, ಪ್ರತಿ ಸಲವೂ ಬೆರಳ ತುದಿಗೂ ಅಂಗೈಗೂ ನಡುವೆ ಉಳಿದ ಅಂತರವನ್ನು ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಂಡು.